ನಿಮಗೆ ಅವರೇನಾಗಬೇಕು?

ಹಿಮಾಯತ್‌ನಗರದ ಹಳೆಯ ಗಲ್ಲಿಯೊಂದರಲ್ಲಿ ನಮ್ಮ ಸೋದರತ್ತೆಯವರ ಮನೆ. ಸುತ್ತಲಿನ ಮನೆಗಳೆಲ್ಲ ಐದಾರು ಅಂತಸ್ತು ಏರಿ ನಿಂತಿದ್ದರೂ ಇದೊಂದು ಮಾತ್ರ ಅಂಗಳ, ಬೇವಿನ ಮರ, ಮೇಲೊಂದು ಬಾಡಿಗೆಯ ಮಹಡಿ, ಇಷ್ಟನ್ನೇ ಇಟ್ಟುಕೊಂಡು ಉಳಿದುಕೊಂಡಿದೆ. 2023ರ ಅಕ್ಟೋಬರ್ 17ರಂದು ನಾನು ಅಲ್ಲಿದ್ದೆ. ಟೆಲಿವಿಷನ್ನಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಓದುತ್ತಿದ್ದರು. ಅತ್ತೆ ನೆಲದ ಮೇಲೆ ಕುಳಿತು ಪುಂಡಿಪಲ್ಯ ಸೋಸುತ್ತಿದ್ದರು. ಇಂಗ್ಲಿಷು ಅವರಿಗೆ ಬರುವುದಾದರೂ ಕಿವಿ ಈಚೆಗೆ ಮಂದ.

“ಏನಂದ್ರು ತಮ್ಮಾ?”

“ಆಗೂದಿಲ್ಲ ಅಂದ್ರು ಅತ್ತಿ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯೆತ್ತಿ ಮಹಡಿಯ ಕಡೆ ನೋಡಿದರು. “ಮ್ಯಾಲಿನ ಹುಡುಗರಿಗೆ ಗೊತ್ತಾತೋ ಇಲ್ಲೋ” ಎಂದರು.

ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಮದುವೆಯಾಗುವ ಮಾತು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಏಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಮನೆಯ ಮಾತೇ ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೇಲಾಗಿ ಇದು ನಮ್ಮ ಊರಿನ ವ್ಯಾಜ್ಯ. ಆ ಮೊಕದ್ದಮೆಗೆ ಕಾನೂನು ಪುಸ್ತಕಗಳಲ್ಲಿ ನಿಂತಿರುವ ಹೆಸರು ಸುಪ್ರಿಯೋ ಚಕ್ರವರ್ತಿಯವರದು. ಅವರೂ ಅವರ ಸಂಗಾತಿ ಅಭಯ್ ಡಾಂಗ್ ಅವರೂ ಹೈದರಾಬಾದಿನವರು. ಒಬ್ಬರು ಬಂಗಾಳಿ ಮನೆತನ, ಇನ್ನೊಬ್ಬರು ಪಂಜಾಬಿ. 2021ರ ಡಿಸೆಂಬರಿನಲ್ಲಿ ಊರ ಹೊರಗೆ ನೆಂಟರಿಷ್ಟರ ಮುಂದೆ ಉಂಗುರ ಬದಲಿಸಿಕೊಂಡರು. ಕಾನೂನಿನ ಕಣ್ಣಿಗೆ ಅದು ಬರಿಯ ಸಮಾರಂಭ. ಮರುವರ್ಷ ಸುಪ್ರೀಂ ಕೋರ್ಟಿಗೆ ಹೋಗಿ, 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ತಮಗೂ ಎಡೆ ಕೊಡಿ ಎಂದು ಕೇಳಿದರು. ಅವರ ಹಿಂದೆಯೇ ಸುಮಾರು 20 ಅರ್ಜಿಗಳು ಸೇರಿಕೊಂಡವು.

2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯವು, ಇಂಥವರ ಕೂಡಿಕೆ ಅಪರಾಧವಲ್ಲವೆಂದು 377ನೆಯ ಕಲಮಿನ ಮುಳ್ಳನ್ನು ಕಿತ್ತಿತ್ತಷ್ಟೆ. ಅಪರಾಧವಲ್ಲ ಎಂಬುದು ಬೇರೆ, ಮದುವೆ ಎಂಬುದು ಬೇರೆ. 2023ರ ಏಪ್ರಿಲ್ 18ರಿಂದ ಹತ್ತು ದಿನ ವಾದ ನಡೆಯಿತು. ಕೇಂದ್ರ ಸರ್ಕಾರದ ಉತ್ತರ ಖಂಡಿತವಾಗಿತ್ತು: ವಿವಾಹವೆಂದರೆ ಗಂಡು ಹೆಣ್ಣಿನ ಸಂಬಂಧ, ಭಾರತೀಯ ಕುಟುಂಬದ ಕಲ್ಪನೆ ಅದರ ಮೇಲೆ ನಿಂತಿದೆ, ಇದನ್ನು ಬದಲಿಸಬೇಕಾದರೆ ಪಾರ್ಲಿಮೆಂಟು ಬದಲಿಸಬೇಕೇ ಹೊರತು ನ್ಯಾಯಾಧೀಶರಲ್ಲ, ಇದು ಪಟ್ಟಣದ ಕೆಲವು ಮೇಲ್ವರ್ಗದವರ ಅಪೇಕ್ಷೆ ಎಂದೂ ಸೇರಿಸಿತು. ನೆರೆಯ ಆಂಧ್ರಪ್ರದೇಶ, ಅಸ್ಸಾಂ, ರಾಜಸ್ಥಾನ ಸರ್ಕಾರಗಳು ವಿರೋಧಿಸಿದವು. ಆಗ ಈ ಮೂರು ರಾಜ್ಯಗಳಲ್ಲಿ ಆಳುತ್ತಿದ್ದುದು ಮೂರು ಬೇರೆ ಬೇರೆ ಪಕ್ಷ. ಜಮೀಯತ್ ಉಲಮಾ ಎ ಹಿಂದ್ ಸಹ ವಿರೋಧಿಸಿತು. ಬೇರಾವ ವಿಷಯದಲ್ಲೂ ಒಂದೇ ಪಂಕ್ತಿಯಲ್ಲಿ ಕೂಡದವರು ಇಲ್ಲಿ ಕೂತರು; ನಮ್ಮ ದೇಶದಲ್ಲಿ ಇದೊಂದು ಅಪರೂಪದ ನೋಟವೇ ಸರಿ.

ಐವರು ನ್ಯಾಯಮೂರ್ತಿಗಳಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ರವೀಂದ್ರ ಭಟ್ಟರೂ, ಹಿಂದೆ ನಮ್ಮ ತೆಲಂಗಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಹಿಮಾ ಕೊಹ್ಲಿಯವರೂ ಇದ್ದರು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾಯಿದೆಯ ಮಾತುಗಳನ್ನು ತಾವು ತಿದ್ದಲಾಗದು ಎಂಬಲ್ಲಿ ಐವರೂ ಒಂದೇ. ಮದುವೆಯಲ್ಲದಿದ್ದರೂ ಇಂಥ ಜೋಡಿಗಳ ಕೂಡುಬಾಳನ್ನು ರಾಜ್ಯ ಗುರುತಿಸಬೇಕೆಂದರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ಮತ್ತು ಕೌಲರು. ಭಟ್ಟ, ಕೊಹ್ಲಿ, ನರಸಿಂಹ, ಈ ಮೂವರು ಅದನ್ನೂ ಒಪ್ಪಲಿಲ್ಲ. ಹಾಗೆಂದು ಅವರು ಈ ಜನರನ್ನು ಹಳಿದರೆಂದಲ್ಲ. ಅವರು ಪಡುವ ಬವಣೆಯನ್ನು ಒಪ್ಪಿಕೊಂಡು, ಅದನ್ನು ನೀಗಿಸಲು ಸಮಿತಿ ರಚಿಸಿರೆಂದು ಸರ್ಕಾರಕ್ಕೆ ಒಪ್ಪಿಸಿದರು.

ನನಗೆ ಕಾನೂನು ತಿಳಿಯದು. ಕಾಯಿದೆ ಮಾಡುವುದು ಶಾಸನಸಭೆಯ ಕೆಲಸವೆಂಬ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನನ್ನನ್ನು ಕಾಡಿದ್ದು ಇನ್ನೊಂದು ಮಾತು, ‘ಮದುವೆಯ ಪಾವಿತ್ರ್ಯ ಕೆಡುತ್ತದೆ’ ಎಂಬುದು. ಆ ಮಾತನ್ನು ಅತ್ತೆಯವರು ಒಮ್ಮೆ ಕೇಳಿದವರು.

ಅವರ ತಂದೆ, ಎಂದರೆ ನಮ್ಮ ಅಜ್ಜ, ಗುಲ್ಬರ್ಗದ ಕಡೆಯವರು. ಗುಲ್ಬರ್ಗ, ಬೀದರ, ರಾಯಚೂರುಗಳು 1956ರವರೆಗೂ ಹೈದರಾಬಾದ್ ರಾಜ್ಯದೊಳಗೇ ಇದ್ದುದರಿಂದ ನೌಕರಿಯೆಂದರೆ ನಮ್ಮವರಿಗೆ ಈ ಊರು. 1964ರಲ್ಲಿ ಅತ್ತೆ, ಬೇರೆ ಜಾತಿಯ, ವರಂಗಲ್ಲಿನ ತೆಲುಗರೊಬ್ಬರನ್ನು ಮದುವೆಯಾಗಲು ನಿಶ್ಚಯಿಸಿದರು. ಅವರು ಹಿಡಿದ ದಾರಿ ಅದೇ 1954ರ ಕಾಯಿದೆ. ಅದರ ಕ್ರಮ ಇಂದಿಗೂ ಅದೇ: ಮದುವೆಯ ಅಧಿಕಾರಿಗೆ ನೋಟೀಸು ಕೊಡಬೇಕು, ಅವರು ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ರುಜು. ಒಂಬತ್ತನೆಯ ದಿನಕ್ಕೆ ಕಚೇರಿಯ ಗುಮಾಸ್ತರೊಬ್ಬರು ಅಜ್ಜನಿಗೆ ಸುದ್ದಿ ಮುಟ್ಟಿಸಿದರು. “ಅಗ್ನಿಸಾಕ್ಷಿಯಿಲ್ಲದ ಮದುವೆ ಅಂಗಡಿ ಲೆಕ್ಕ” ಎಂದರಂತೆ ಅಜ್ಜ. ಹನ್ನೊಂದು ವರ್ಷ ಮಗಳ ಮುಖ ನೋಡಲಿಲ್ಲ. ಮೊಮ್ಮಗಳ ಜ್ವರ ವಿಷಮಿಸಿತೆಂದು ಕೇಳಿದ ಮೇಲೆ ಬಂದರು. ಬಂದವರು ಅಳಿಯನ ಕೈಯ ಚಹ ಕುಡಿದು, ಸಕ್ಕರೆ ಹೆಚ್ಚಾಯಿತೆಂದರು.

ಹಾಗೆ ಬಿಗುಮಾನದಿಂದ ಕೂತವರು ಅಜ್ಜ ಒಬ್ಬರೇ ಅಲ್ಲ. 1894ರಲ್ಲಿ ಮೈಸೂರು ಸಂಸ್ಥಾನವು, ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, ಐವತ್ತು ದಾಟಿದವನು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳಕೂಡದು ಎಂದು ನಿಬಂಧನೆ ತಂದಾಗಲೂ ಧರ್ಮಕ್ಕೆ ಸರ್ಕಾರ ಕೈ ಹಾಕಿತೆಂಬ ಕೂಗೆದ್ದಿತ್ತು. ಇಂದು ಆ ನಿಬಂಧನೆಯನ್ನು ಓದಿದರೆ ನಾಚಿಕೆಯಾಗುವುದು, ಎಂಟು ವರ್ಷಕ್ಕೆ ನಿಂತಿತಲ್ಲ ಎಂದು. ಮಂಗಳೂರಿನ ಬೆನಗಲ್ ನರಸಿಂಗರಾಯರ ಸಮಿತಿ 1940ರ ದಶಕದಲ್ಲಿ ಹಿಂದೂ ಕಾನೂನಿನ ಸುಧಾರಣೆಗೆ ಸಾಕ್ಷ್ಯ ಕೇಳುತ್ತ ಊರೂರು ಸುತ್ತಿದಾಗಲೂ ಇದೇ ವಿರೋಧ. ಆ ಮಸೂದೆ ಮುಂದೆ ಸಾಗಲಿಲ್ಲವೆಂದು ಡಾ. ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿ ಬಿಟ್ಟರು. ಕೊನೆಗೆ 1955ರಲ್ಲಿ ಹಿಂದೂ ವಿವಾಹ ಕಾಯಿದೆ ಬಂತು, ಬಹುಪತ್ನಿತ್ವ ಹೋಯಿತು, ವಿಚ್ಛೇದನ ಬಂತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಕಲ್ಯಾಣವೇ ಇದೆ. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟದ್ದಕ್ಕೆ ಹನ್ನೆರಡನೆಯ ಶತಮಾನದ ಕಲ್ಯಾಣ ಹೊತ್ತಿ ಉರಿಯಿತೆಂದು ಪರಂಪರೆ ಹೇಳುತ್ತದೆ. ಆ ಮದುವೆಯನ್ನು ಕೆಟ್ಟದ್ದೆಂದು ಇಂದು ಯಾರೂ ಬಹಿರಂಗವಾಗಿ ಹೇಳರು. ಮನೆಯೊಳಗೆ ಹೇಳುವವರಿದ್ದಾರೆ, ಅದು ಬೇರೆ ಮಾತು.

ಜಾತಿ ಮೀರಿದ ಮದುವೆಗೂ ಇದಕ್ಕೂ ಹೋಲಿಕೆ ಸಲ್ಲದು, ಅಲ್ಲಿ ಗಂಡು ಹೆಣ್ಣಾದರೂ ಇದ್ದರಲ್ಲ ಎನ್ನುವವರುಂಟು. ಸರಿ, ಅದು ನಿಜವಾದ ಆಕ್ಷೇಪಣೆ, ಹಾರಿಸಿಬಿಡುವುದಲ್ಲ. ಸಂತಾನ, ವಂಶ, ಪಿತೃಕಾರ್ಯ ಎಂದು ನಂಬಿದವರಿಗೆ ಅವರ ನಂಬಿಕೆ ದೊಡ್ಡದು. ಯಾವ ಗುಡಿಯ ಪುರೋಹಿತರನ್ನೂ ಬಲವಂತದಿಂದ ಮಂಟಪಕ್ಕೆ ಕರೆಯಬೇಕೆಂದು ಸುಪ್ರಿಯೋ ಮತ್ತು ಅಭಯ್ ಕೇಳಿರಲಿಲ್ಲ. ಕೇಳಿದ್ದು ರಿಜಿಸ್ಟರಿನಲ್ಲಿ ಒಂದು ಸಾಲು. ಪಾವಿತ್ರ್ಯವನ್ನು ರಿಜಿಸ್ಟರು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಏಪ್ರಿಲಿನ ಒಂದು ತೀರ್ಪಿನಲ್ಲಿ ಹಿಂದೂ ವಿವಾಹ ಸಂಸ್ಕಾರವೇ ಹೊರತು ಹಾಡು ಕುಣಿತದ ಕೂಟವಲ್ಲವೆಂದೂ, ವರದಕ್ಷಿಣೆ ಕೇಳುವ ಸಂದರ್ಭವಲ್ಲವೆಂದೂ ಎಚ್ಚರಿಸಿದರು. ಆ ಮಾತು ಇವರಿಬ್ಬರನ್ನು ಕುರಿತದ್ದಲ್ಲ, ನಮ್ಮ ನಿಮ್ಮ ಮನೆಯ ಲಗ್ನಗಳನ್ನು ಕುರಿತದ್ದು. 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಯನ್ನು ‘ಮಂತ್ರ ಮಾಂಗಲ್ಯ’ದ ಸರಳ ರೀತಿಯಲ್ಲಿ ಮಾಡಿ ತೋರಿಸಿದ್ದರು. ನಾವು ಪುಸ್ತಕವನ್ನು ಕಪಾಟಿನಲ್ಲಿಟ್ಟು ಮಗಳ ಮದುವೆಗೆ ಫಂಕ್ಷನ್ ಹಾಲಿನ ಮುಂಗಡ ಕಟ್ಟಿದೆವು.

ಈಗ ಮಹಡಿಯ ಹುಡುಗರ ಮಾತು. ಒಬ್ಬ ಧಾರವಾಡದವ, ಇನ್ನೊಬ್ಬ ನಾಗಪುರದವ. ಇಬ್ಬರಿಗೂ ಮೂವತ್ತರ ಆಚೀಚೆ. ಬಂದು ಆರು ವರ್ಷವಾದ ಮೇಲೂ ಅತ್ತೆ ಏನನ್ನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ತೀರ್ಪಿನ ಹಿಂದಿನ ವರ್ಷದ ಮಳೆಗಾಲದಲ್ಲಿ ನಾಗಪುರದವನು ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತು. ಆಸ್ಪತ್ರೆಯೊಂದರ ಕೌಂಟರಿನಲ್ಲಿ ರಾತ್ರಿ ಹನ್ನೊಂದಕ್ಕೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಹಿಡಿದು ಕೇಳಿದರು: ನಿಮಗೆ ಅವರೇನಾಗಬೇಕು? ಧಾರವಾಡದವನು ಗೆಳೆಯನೆಂದ. ರಕ್ತಸಂಬಂಧಿಕರನ್ನು ಕರೆಸಿ ಎಂದರು. ತಾಯಿ ತಂದೆ ನಾಗಪುರದಲ್ಲಿ, ಫೋನು ಎತ್ತುತ್ತಿಲ್ಲ. ಅವನು ಅತ್ತೆಗೆ ಫೋನು ಮಾಡಿದ. ಎಂಬತ್ತು ವರ್ಷದ ಹೆಂಗಸು ಮಳೆಯಲ್ಲಿ ಆಟೋ ಹಿಡಿದು ಹೋಗಿ, ಸಂಬಂಧದ ಅಂಕಣದಲ್ಲಿ ‘ಅಜ್ಜಿ’ ಎಂದು ಬರೆದು ರುಜು ಹಾಕಿದರು.

“ಖರೇ ಬರದಾಗ ಹನ್ನೊಂದು ವರ್ಷ ಮನಿ ಬಿಡಬೇಕಾತು. ಸುಳ್ಳು ಬರದಾಗ ಐದು ನಿಮಿಷದಾಗ ಕೆಲಸ ಆತು ನೋಡು” ಎಂದು ಆಮೇಲೆ ನನಗೆ ಹೇಳಿದರು. ನಗುತ್ತ ಹೇಳಲಿಲ್ಲ. ಅವರು ಹೊಸ ಕಾಲದವರೇನಲ್ಲ. ಏಕಾದಶಿ ತಪ್ಪಿಸುವುದಿಲ್ಲ, ಇಬ್ಬರು ಗಂಡಸರ ಸಂಸಾರ ತಮಗೆ ಅರ್ಥವಾಗುತ್ತದೆಂದೂ ಹೇಳಿಲ್ಲ. “ನನಗ ಅದು ತಿಳಿಯಂಗಿಲ್ಲ. ಆ ರಾತ್ರಿ ಆ ಹುಡುಗನ ಮಾರಿ ನೋಡೀನಿ, ಅಷ್ಟು ಸಾಕು” ಎಂದರು.

ತೀರ್ಪಿನ ನಂತರ 2024ರಲ್ಲಿ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಗಳ ಸಮಿತಿ ನೇಮಿಸಿತು. ಅದೇ ವರ್ಷ ಸುತ್ತೋಲೆಗಳು ಹೊರಟವು: ಇಂಥ ಜೋಡಿಗಳನ್ನು ಪಡಿತರ ಚೀಟಿಗೆ ಒಂದೇ ಮನೆಯವರೆಂದು ಎಣಿಸಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆಗೂ ನಾಮಿನಿಗೂ ಅಡ್ಡಿಯಿಲ್ಲ, ಹತ್ತಿರದ ಬಂಧುಗಳು ದೊರೆಯದಿದ್ದರೆ ಶವವನ್ನು ಸಂಗಾತಿಗೆ ಒಪ್ಪಿಸಬಹುದು. ಅನ್ನ, ಹಣ, ಮಣ್ಣು, ಈ ಮೂರಕ್ಕೆ ದಾರಿಯಾಯಿತು. ಮದುವೆಯ ಮಾತು ಎತ್ತಲಿಲ್ಲ. 2025ರ ಜನವರಿ 9ರಂದು ಪುನರ್ವಿಮರ್ಶೆಯ ಅರ್ಜಿಗಳನ್ನೂ ಸುಪ್ರೀಂ ಕೋರ್ಟು ತಳ್ಳಿಹಾಕಿತು; ಅದೇ ತಿಂಗಳು ಥಾಯ್ಲೆಂಡಿನಲ್ಲಿ ಇಂಥ ಮದುವೆಗಳ ನೋಂದಣಿ ಆರಂಭವಾಯಿತು. ಮೇ ತಿಂಗಳಲ್ಲಿ ಮದರಾಸು ಹೈಕೋರ್ಟು, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದಿತು. ಪಾರ್ಲಿಮೆಂಟು ತಾನೇ ಮಾಡಬೇಕೆಂದು ವಾದಿಸಿ ಗೆದ್ದ ಕೆಲಸವನ್ನು ಕೈಗೆತ್ತಿಕೊಂಡಿಲ್ಲ.

ಬ್ಯಾಂಕಿನ ಸುತ್ತೋಲೆಯ ಸುದ್ದಿ ಬಂದ ವಾರ ಹುಡುಗರಿಬ್ಬರೂ ನಾಮಿನಿಯ ಫಾರಂ ತಂದು ಅತ್ತೆಯ ಅಂಗಳದಲ್ಲಿ ಕೂತು ತುಂಬಿದರು. ಹೆಸರು, ವಿಳಾಸ, ವಯಸ್ಸು ಎಲ್ಲ ಆಯಿತು. ಖಾತೆದಾರರೊಂದಿಗೆ ಸಂಬಂಧ ಎಂಬ ಅಂಕಣ ಬಂತು. ಅದರ ಮುಂದೆ ಸಣ್ಣ ಅಕ್ಷರದಲ್ಲಿ ‘ಇದ್ದರೆ’ ಎಂದು ಅಚ್ಚಾಗಿತ್ತು.

“ಏನ್ ಬರೀಲಿ ಅಜ್ಜೀ?” ಎಂದು ಧಾರವಾಡದವನು ಕೇಳಿದ.

ಅತ್ತೆ ಕನ್ನಡಕ ಹಾಕಿಕೊಂಡು ಆ ‘ಇದ್ದರೆ’ಯನ್ನು ಎರಡು ಸಲ ಓದಿದರು. “ಖರೇನ ಬರಿ” ಎಂದು ಒಳಗೆ ಹೋಗಿ ಚಹಕ್ಕೆ ನೀರಿಟ್ಟರು.