ಮಸಾಲೆ ಇಲ್ಲದ ಮೀನು

ಮೀನು ಅಂದ್ರೆ ನಮ್ಮ ಮನೆಗಳಲ್ಲಿ ಕೆಂಪು ಬಣ್ಣ. ಬ್ಯಾಡಗಿ ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ಹಚ್ಚಿ ಕಾವಲಿಗೆ ಹಾಕಿದರೇನೇ ಅದು ಮೀನು ಫ್ರೈ. ಹಾಗಿರುವಾಗ ಅಲ್ಸರ್ ಆದ ಉಮ್ಮನಿಗೆ ವೈದ್ಯರು ‘ಮೂರು ತಿಂಗಳು ಖಾರ, ಹುಳಿ ಬೇಡ’ ಎಂದದ್ದೇ ತಡ, ಅವರು ಊಟವನ್ನೇ ಅರ್ಧ ಮಾಡಿದರು. ಮೀನಿಲ್ಲದೆ ಗಂಜಿ ಇಳಿಯುವುದು ಹೇಗೆ?

ಮಸಾಲೆ ಇಲ್ಲದೆ ಕಾಣೆ ಮೀನು ಕಾಯಿಸಿ ನೋಡುವಾ ಎಂದು ಹೊರಟೆವು. ಮೊದಲ ದಿನ ಮೀನು ಕಾವಲಿಗೆ ಅಂಟಿ ಪುಡಿಪುಡಿ ಆಯಿತು. ಉಮ್ಮ ಒಂದು ತುತ್ತು ಬಾಯಿಗಿಟ್ಟು, ‘ಇದು ಹಳೇ ಮೀನು’ ಅಂದರು. ನಮಗೆ ನಾಚಿಕೆಯಾಯಿತು. ಇಷ್ಟು ವರ್ಷ ಮಸಾಲೆಯ ಕೆಳಗೆ ಇಂಥದ್ದು ಎಷ್ಟು ತಿಂದಿದ್ದೇವೋ!

ಹಾಗಾಗಿ ಈ ಅಡುಗೆ ಶುರುವಾಗುವುದು ಮಾರ್ಕೆಟಿನಲ್ಲಿ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಕೂಡಲೇ ಮೇಲೆ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದರಿಂದ, ಆ ಎರಡು ತಿಂಗಳು ಇನ್ನೂ ಜಾಗ್ರತೆ ಬೇಕು. ಕಾಣೆ ಅಥವಾ ಬಿಳಿ ಮಾಂಜಿ ಒಳ್ಳೆಯದು. ಕೈಗೆ ಸ್ವಲ್ಪ ಭಾರ ಅನಿಸಿದರೆ ನಂಗ್ ಸಹ ಆಗ್ತದೆ, ಚರ್ಮ ಸುಲಿಸಿಕೊಳ್ಳಿ. ಕಾಣೆಯಾದರೆ ಬೆನ್ನು ಸೀಳಿ ನಡು ಮುಳ್ಳು ತೆಗೆಸಿ, ಚರ್ಮ ಹಾಗೇ ಇರಲಿ.

ತೊಳೆದ ಮೀನನ್ನು ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸುವುದೇ ಮುಖ್ಯ ಕೆಲಸ. ನೀರಿನ ಪಸೆ ಇದ್ದರೆ ಕಾವಲಿಯ ಬಿಸಿಯೆಲ್ಲ ಅದನ್ನು ಆವಿ ಮಾಡಲಿಕ್ಕೇ ಹೋಗ್ತದೆ. ಆಗ ಮೀನು ಬೇಯುತ್ತದೆ ಹೊರತು ಕೆಂಪಾಗುವುದಿಲ್ಲ. ಉಪ್ಪು, ಚಿಟಿಕೆ ಅರಿಶಿನ ಕಾವಲಿಗೆ ಹಾಕುವ ಹೊತ್ತಿಗೇ ಹಚ್ಚಿ. ಮೊದಲೇ ಹಚ್ಚಿಟ್ಟರೆ ನೀರು ಬಿಡ್ತದೆ.

ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ಚಮಚ ತೆಂಗಿನೆಣ್ಣೆ ಹಾಕಿ, ಚರ್ಮದ ಬದಿ ಕೆಳಗೆ ಮಾಡಿ ಮೀನು ಇಡಿ. ಮುದುಡದ ಹಾಗೆ ಸಟ್ಟುಗದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಮುಟ್ಟಬೇಡಿ, ಮಾರಾಯ್ರೆ! ನಾವು ಸೋತದ್ದು ಅಲ್ಲೇ. ಅಡಿ ಗರಿಗರಿಯಾದಾಗ ಮೀನು ತಾನಾಗಿ ಕಾವಲಿ ಬಿಡ್ತದೆ. ಅದಕ್ಕೆ ಮೊದಲು ಎಬ್ಬಿಸಿದರೆ ಹರಿಯುತ್ತದೆ. ಅರ್ಧ ಇಂಚು ದಪ್ಪದ ಮೀನಿಗೆ ಮೂರು ನಿಮಿಷ, ತಿರುಗಿಸಿ ಹಾಕಿ ಮತ್ತೆರಡು ನಿಮಿಷ ಸಾಕು. ಗಾಜಿನಂತಿದ್ದ ಮಾಂಸ ಹಾಲಿನ ಬಣ್ಣಕ್ಕೆ ತಿರುಗಿ ಎಸಳು ಎಸಳಾಗಿ ಬಿಟ್ಟರೆ ಆಯಿತು.

ಇನ್ನು ಸಾರು. ಅರ್ಧ ತೆಂಗಿನಕಾಯಿಯ ದಪ್ಪ ಹಾಲು, ತೆಳು ಹಾಲು ಬೇರೆ ಬೇರೆ ಹಿಂಡಿಟ್ಟುಕೊಳ್ಳಿ. ಮೀನು ತೆಗೆದ ಕಾವಲಿಯಲ್ಲೇ ಸಣ್ಣ ಈರುಳ್ಳಿ, ಶುಂಠಿ, ಕರಿಬೇವು ಬಾಡಿಸಿ, ತೆಳು ಹಾಲು ಹಾಕಿ ಕುದಿಸಿ. ಉರಿ ಸಣ್ಣ ಮಾಡಿ ದಪ್ಪ ಹಾಲು ಸೇರಿಸಿ ಬಿಸಿಯಾದ ಕೂಡಲೇ ಇಳಿಸಿ. ಕುದಿ ಬಂದರೆ ಒಡೆಯುತ್ತದೆ. ಬಟ್ಟಲಿಗೆ ಮೊದಲು ಸಾರು, ಅದರ ಮೇಲೆ ಮೀನು. ಹಾಗಾದರೆ ಗರಿ ಹೋಗುವುದಿಲ್ಲ. ಬೇಕಾದವರು ಹಸಿಮೆಣಸು, ಲಿಂಬೆ ಹಾಕಿಕೊಳ್ಳಬಹುದು. ಕಾಯಿಲೆಯವರಿಗೆ ಎಣ್ಣೆ, ಉಪ್ಪು ಎಷ್ಟು ಆಗ್ತದೆ ಎಂದು ವೈದ್ಯರನ್ನೇ ಕೇಳಿ.

ನಾಲ್ಕನೇ ಸಲ ಮಾಡಿದ ದಿನ ಉಮ್ಮ ಏನೂ ಹೇಳಲಿಲ್ಲ. ಎರಡನೇ ತುಂಡಿಗೆ ಬಟ್ಟಲು ಮುಂದೆ ತಳ್ಳಿದರು, ಅಷ್ಟೇ. ಮರುವಾರ ನಾವು ಚೀಲ ಹಿಡಿದು ಹೊರಡುವಾಗ, ‘ನಿಮಗೆ ಮೀನು ನೋಡ್ಲಿಕ್ಕೆ ಗೊತ್ತಿಲ್ಲ, ನಾನೂ ಬರ್ತೇನೆ’ ಎಂದು ಎದ್ದರು. ಕಾಯಿಲೆ ಬಿದ್ದ ಮೇಲೆ ಅವರು ಹೊಸ್ತಿಲು ದಾಟಿದ್ದು ಅದೇ ಮೊದಲು. ಈಗ ಪ್ರತಿ ಆದಿತ್ಯವಾರ ರಿಕ್ಷಾದಲ್ಲಿ ದಕ್ಕೆಗೆ ಬರುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ, ಚೌಕಾಶಿಯನ್ನೂ ಅವರೇ ಮಾಡುತ್ತಾರೆ. ಚೀಲ ಹಿಡಿಯುವ ಕೆಲಸ ಮಾತ್ರ ನಮ್ಮದು.