ಗೋವಾದಿಂದ ಊರಿಗೆ: ಎಮ್ಮೆ ಹುಡುಕುವ ಮೊದಲು ಶಾಲೆ ಹುಡುಕಿ



ರೋಣ, ನರಗುಂದ, ಗಜೇಂದ್ರಗಡದ ಕಡೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಗುಳೆ ಹೋದವರು ಬಹಳ. 2020ರ ಲಾಕ್‌ಡೌನಿನಲ್ಲಿ ಗಂಟು ಕಟ್ಟಿಕೊಂಡು ಬಂದವರಲ್ಲಿ ಎಷ್ಟೋ ಮಂದಿ ಮತ್ತೆ ಹೋದರು, ಕೆಲವರು ಇಲ್ಲೇ ಉಳಿದರು. ವಯಸ್ಸು ನಲವತ್ತು ದಾಟಿದ ಮೇಲೆ "ಸಾಕವ್ವ, ಊರಾಗ ಎರಡು ಎಮ್ಮಿ ಕಟ್ಟಿಕೊಂಡು ಇರೂಣು" ಎಂದು ಬರುವ ಮನೆಗಳು ಈಗಲೂ ಇವೆ. ನೀವೇ ಇರಬಹುದು, ನಿಮ್ಮ ನಾದಿನಿ ಇರಬಹುದು.

ನಿಮಗೆ ಇದು ಸ್ವಂತ ಊರು. ವಾಸ್ಕೊದಲ್ಲಿ ಹುಟ್ಟಿ ಬೆಳೆದ ಹದಿನಾಲ್ಕರ ಮಗಳಿಗೆ ಇದು ಪರಊರು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಗೋವಾದಲ್ಲಿ 5ನೇ ತರಗತಿಯಿಂದ ಮೇಲೆ ಓದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಇಲ್ಲಿಯ ಶಾಲೆಗೆ ಹೋಗಲು ನಾಚಿಕೆ. ನಾಲ್ಕು ದಿನ ತಪ್ಪಿಸಿದರೆ "ಹೆಂಗೂ ಎಮ್ಮಿ ನೋಡ್ಕೋತಾಳ" ಎಂದು ಹಿರಿಯರೂ ಸುಮ್ಮನಾಗುತ್ತಾರೆ. ಆಮೇಲೆ ಮದುವೆ ಮಾತು ಬರುತ್ತದೆ, 18 ತುಂಬುವ ಮೊದಲು ಮಾಡಿದರೆ ಅಪರಾಧವೆಂದು ಗೊತ್ತಿದ್ದರೂ.

ಮಗು 10ನೇ ತರಗತಿಯಲ್ಲಿದ್ದರೆ ಪರೀಕ್ಷೆ ಅಲ್ಲಿಯೇ ಮುಗಿಸಿ ಬನ್ನಿ, ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಅದಕ್ಕಿಂತ ಕೆಳಗಿದ್ದರೆ ಮೇ ತಿಂಗಳೊಳಗೆ ಬಂದುಬಿಡಿ. ಟಿಸಿ, ಅಂಕಪಟ್ಟಿ, ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರ ಕೈಯಲ್ಲಿರಲಿ. 8ನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ಮುಂದೆ ಸಿಇಟಿ ಬರೆಯುವಾಗ ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಹಳ್ಳಿಯಲ್ಲೇ ಓದಿರಬೇಕು. ಅದು ಈ ಮಕ್ಕಳಿಗೆ ಸಿಗದು. ಆದರೆ ಹೊರನಾಡ ಕನ್ನಡಿಗರ ಮಕ್ಕಳಿಗೆ ಬೇರೆ ನಿಯಮವಿದೆ, ಅದಕ್ಕೂ ಬೇಕಾಗುವುದು ಇದೇ ಕಾಗದಗಳು. ಅಟ್ಟದ ಮೇಲೆ ಇಲಿಗೆ ಬಿಡಬೇಡಿ.

ಇನ್ನು ಎಮ್ಮೆ. ಮೇ ತಿಂಗಳಲ್ಲಿ ಬಂದವರ ಹಿತ್ತಲಲ್ಲಿ ಜೋಳದ ಕಣಿಕಿ ಬಣವಿ ಇರುವುದಿಲ್ಲ, ಮೇವೆಲ್ಲ ಕೊಂಡೇ ಹಾಕಬೇಕು. ಮೊದಲ ವರ್ಷ ಒಂದೇ ಸಾಕು. ತಂದ ಮೇಲೆ ಹಳೆಯ ಮಾಲೀಕರು ಏನು ತಿನ್ನಿಸುತ್ತಿದ್ದರು ಕೇಳಿ, ಹಿಂಡಿ-ಮೇವನ್ನು ಎಂಟು-ಹತ್ತು ದಿನ ತೆಗೆದುಕೊಂಡು ನಿಧಾನಕ್ಕೆ ಬದಲಿಸಿ. ಹೊಸ ಜಾಗದಲ್ಲಿ ಹಾಲು ಇಳಿದರೆ ನಾವು ಎಮ್ಮೆಯನ್ನು ಬೈಯುವುದಿಲ್ಲ, ಕಾಯುತ್ತೇವೆ. ಮಗಳಿಗೂ ಅಷ್ಟು ಸಮಯ ಕೊಡಿ.

ಸಂಘದಲ್ಲಿ ಸದಸ್ಯತ್ವ ನಿಮ್ಮ ಹೆಸರಿಗೇ ಆಗಲಿ. ಆಧಾರ್ ಜೋಡಣೆ ಗೋವಾದ ಹಳೆಯ ಖಾತೆಗೆ ಇದ್ದರೆ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಆ ಖಾತೆಗೇ ಹೋಗಿ ಕುಳಿತೀತು, ಮೊದಲೇ ಬ್ಯಾಂಕಿನಲ್ಲಿ ಸರಿಪಡಿಸಿಕೊಳ್ಳಿ.

ಬೆಳಗಿನ ಹಾಲು ನೀವು ಕರೆಯಿರಿ, ಡೇರಿಗೆ ಮನೆಯವರು ಒಯ್ಯಲಿ. ಸಂಜೆ ಸಂಘದ ಪಾಸ್‌ಬುಕ್ಕನ್ನು ಮಗಳ ಕೈಗೆ ಕೊಟ್ಟು ಓದಿಸಿ: ದಿನಾಂಕ, ಲೀಟರ್, ಫ್ಯಾಟ್, ದರ. ಕನ್ನಡ ಅಕ್ಷರ ರೂಢಿಯಾಗುತ್ತದೆ. ಕೂಡುವುದರಲ್ಲಿ ನಮಗಿಂತ ಚುರುಕಿರುತ್ತಾರೆ, ಲೆಕ್ಕ ತಪ್ಪಿದ್ದರೆ ಅವಳೇ ಹಿಡಿದಾಳು.