ಯಾರಿಗಾಗಿ ಅಂಗಡಿ?

ಹೊಸದಾಗಿ ವ್ಯಾಪಾರಕ್ಕಿಳಿಯುವವರು ಬಂಡವಾಳ, ಬಾಡಿಗೆ, ಸರಕು ಇವುಗಳ ವಿಚಾರವಾಗಿ ಬಹಳ ಆಲೋಚಿಸುತ್ತಾರೆ. ಆದರೆ ಈ ಅಂಗಡಿ ಯಾರಿಗಾಗಿ ಎಂದು ಕೇಳಿದರೆ ಬಹುಮಂದಿಯಿಂದ ಬರುವ ಉತ್ತರ ಒಂದೇ: ಎಲ್ಲರಿಗಾಗಿ. ಈ ಉತ್ತರ ಉದಾರವಾಗಿ ತೋರುವುದಾದರೂ ಇದರಿಂದ ಕೆಲಸ ಸಾಗದು. ಎಲ್ಲರನ್ನೂ ಮೆಚ್ಚಿಸಹೊರಟ ಸಣ್ಣ ವರ್ತಕನು ಎಲ್ಲ ಬಗೆಯ ಸರಕನ್ನೂ ಸ್ವಲ್ಪ ಸ್ವಲ್ಪವಾಗಿ ತುಂಬಬೇಕಾಗುತ್ತದೆ. ಅವನ ಹಣವೆಲ್ಲ ಕಪಾಟಿನಲ್ಲಿಯೇ ಕುಳಿತುಬಿಡುತ್ತದೆ. ಹಾಗೆಂದು ಗಿರಾಕಿಗಳ ವಲಯವನ್ನು ಅತಿಯಾಗಿ ಕಿರಿದುಮಾಡಿಕೊಂಡರೆ ಬಾಡಿಗೆಗೂ ಸಾಲದೆ ಬಾಗಿಲು ಮುಚ್ಚಬೇಕಾದೀತು. ಹಾಗಾದರೆ ಈ ವಲಯವು ಎಷ್ಟು ಕಿರಿದಾಗಿರಬೇಕು? ಕೇಳುಗರ ಮುಂದೆ ಈ ಹೊತ್ತು ಇಡತಕ್ಕ ಪ್ರಶ್ನೆ ಇದು. ಎಲ್ಲರಿಗೂ ಪರಿಚಿತವಾದ ಊಟದ ಹೋಟಲನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಉದ್ಯೋಗಕ್ಕಾಗಿ ದಕ್ಷಿಣದಿಂದ ಹೋಗಿ ಆ ಭಾಗದಲ್ಲಿ ನೆಲಸಿದ್ದವರು ಅನೇಕರಿದ್ದರು. ಅವರಿಗೆ ಬೇಕಾಗಿದ್ದುದು ತಮ್ಮ ಸೀಮೆಯ ಊಟ. ಬಾಳೆಯೆಲೆಯ ಮೇಲೆ ಅನ್ನ, ಸಾರು, ಪಲ್ಯ. ಅಷ್ಟು ದೊಡ್ಡ ಪಟ್ಟಣದಲ್ಲಿ ಇದು ಬಲು ಚಿಕ್ಕ ವಲಯವೇ ಸರಿ. ಆದರೆ ಮನೆಯಿಂದ ದೂರವಾಗಿರುವವನಿಗೆ ಊಟದ ಅಗತ್ಯ ತಿಂಗಳಿಗೊಮ್ಮೆ ಬರುವುದಲ್ಲ, ದಿನಕ್ಕೆರಡು ಬಾರಿ ಬರುತ್ತದೆ. ವಲಯವು ಚಿಕ್ಕದಾದರೂ ಅದರೊಳಗಿನವರು ಮತ್ತೆ ಮತ್ತೆ ಬರುವಂತಿದ್ದರೆ ಅಂಗಡಿ ನಿಲ್ಲುತ್ತದೆ ಎಂಬುದು ಇದರಿಂದ ತಿಳಿಯತಕ್ಕ ಮೊದಲನೆಯ ಮಾತು.

ಇದನ್ನು ಲೆಕ್ಕಕ್ಕೆ ಇಳಿಸಿ ನೋಡಬಹುದು. ಒಂದು ಊಟದ ಮನೆಗೆ ಬಾಡಿಗೆ, ದೀಪ, ಕೆಲಸದವರ ಸಂಬಳ ಎಲ್ಲ ಸೇರಿ ತಿಂಗಳಿಗೆ 60,000 ರೂಪಾಯಿ ತಗಲುವುದೆಂದು ಭಾವಿಸೋಣ. ಸಾಮಾನಿನ ಖರ್ಚು ಕಳೆದು ಒಂದು ಊಟದಲ್ಲಿ 40 ರೂಪಾಯಿ ಉಳಿಯುವುದಾದರೆ, ನಷ್ಟವಿಲ್ಲದೆ ನಡೆಯಲು 1,500 ಊಟಗಳು ಹೋಗಬೇಕು. ತಿಂಗಳಿಗೆ ಒಂದೇ ಸಲ ಬರುವ ದಾರಿಹೋಕರನ್ನು ನಂಬಿದರೆ 1,500 ಜನ ಬೇಕು. ತಿಂಗಳಿಗೆ 20 ಊಟ ಮಾಡುವ ಖಾಯಂ ಗಿರಾಕಿಗಳಾದರೆ 75 ಜನ ಸಾಕು. ಈಗ ಎರಡನೆಯ ಎಣಿಕೆ: ಹತ್ತು ನಿಮಿಷದ ನಡಿಗೆಯೊಳಗೆ ಅಂಥವರು ಎಷ್ಟು ಮಂದಿ ಇದ್ದಾರೆ? 750 ಮಂದಿ ಇದ್ದರೆ ಹತ್ತರಲ್ಲಿ ಒಬ್ಬನು ಬಂದರೂ ಕೆಲಸವಾಯಿತು. ಇರುವವರೇ 100 ಮಂದಿಯಾದರೆ ಮುಕ್ಕಾಲುಪಾಲು ಜನರೂ ನಿಮ್ಮಲ್ಲಿಗೇ ಬರಬೇಕು; ಅಂಥ ಭರವಸೆಯ ಮೇಲೆ ಮನೆಮಂದಿಯ ಉಳಿತಾಯವನ್ನು ಪಣವಿಡುವುದು ವಿವೇಕವಲ್ಲ. ವಲಯವನ್ನು ಆಗ ಹಿಗ್ಗಿಸಲೇಬೇಕು.

ಇನ್ನೊಂದು ಪರೀಕ್ಷೆಯೂ ಉಂಟು. ನೀವು ಇಂಥವರಿಗಾಗಿ ಎಂದು ಗೊತ್ತುಮಾಡಿದ ಮೇಲೆ ಅಂಗಡಿಯ ವೇಳೆ, ಬೆಲೆ, ಸರಕು ಇವುಗಳಲ್ಲಿ ಒಂದಾದರೂ ಬದಲಾಯಿತೇ? ರಾತ್ರಿ ಪಾಳಿಯ ಕೆಲಸಗಾರರಿಗಾಗಿ ಎಂದು ಹೇಳಿಕೊಂಡು ಒಂಬತ್ತು ಗಂಟೆಗೆ ಬಾಗಿಲು ಹಾಕುವವನು ಗಿರಾಕಿಯನ್ನು ಆರಿಸಿದಂತಾಗಲಿಲ್ಲ, ಬರಿಯ ಹೆಸರಿಟ್ಟಂತಾಯಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ವಲಯವನ್ನು ಕಿರಿದುಮಾಡುವುದು ಬೇರೆ, ಬಾಗಿಲಲ್ಲಿ ನಿಂತು ಜನರನ್ನು ತಡೆಯುವುದು ಬೇರೆ. ಹಿಂದೆ ಅನೇಕ ಹೋಟಲುಗಳ ಫಲಕದ ಮೇಲೆ ಜಾತಿಯ ಹೆಸರಿರುತ್ತಿತ್ತು. ಬೆಂಗಳೂರಿನಲ್ಲಿ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟಲಿನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಜಾತಿ ಮತಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ, ಹೋಟಲುಗಳ ಪ್ರವೇಶಕ್ಕೆ ಅಡ್ಡಿಯಿರಕೂಡದೆಂದು ವಿಧಿಸಿತು. ಅದೇ ಹೋಟಲು 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಅದಕ್ಕೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಾಯಿತು. ಕುಲದ ಹೆಸರಿದ್ದಲ್ಲಿ ಬಡಾವಣೆಯ ಹೆಸರು ಬಂದು ನಿಂತಿತು. ಹಸಿವಿಗೂ ರುಚಿಗೂ ಕುಲವಿಲ್ಲ. ಗಿರಾಕಿಯನ್ನು ಅವನ ಹುಟ್ಟಿನಿಂದ ಗುರುತಿಸುವುದು ಅನ್ಯಾಯ. ಅದು ವ್ಯಾಪಾರದ ದೃಷ್ಟಿಯಿಂದಲೂ ಕುರುಡು. ಅವನ ಅಗತ್ಯದಿಂದ ಗುರುತಿಸಿದರೆ ವಲಯವು ಎಷ್ಟೇ ಕಿರಿದಾಗಿದ್ದರೂ ಬಾಗಿಲು ತೆರೆದೇ ಇರುತ್ತದೆ.

ಅಗತ್ಯವನ್ನು ಹಿಡಿದು ನಡೆಯುವವನಿಗೆ ಕಾಲ ಬದಲಾದಾಗ ದಾರಿಯೂ ತೋರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿದುದು ತಾವೇ ಎಂದು ಆ ಸಂಸ್ಥೆಯವರು ಹೇಳುತ್ತಾರೆ. 1975ರಲ್ಲಿ ಘೋಷಿತವಾದ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗಳನ್ನು ಬಲವಂತವಾಗಿ ಇಳಿಸಬೇಕಾಗಿ ಬಂದು ಹೋಟಲು ನಷ್ಟಕ್ಕೆ ಒಳಗಾಯಿತು. ಆಗ ಅವರು ತಿಂಡಿಯ ಸಿದ್ಧ ಮಿಶ್ರಣಗಳನ್ನು ಪೊಟ್ಟಣಗಳಲ್ಲಿ ಮಾರತೊಡಗಿದರು. ಮೇಜಿನ ಮುಂದೆ ಕುಳಿತು ತಿನ್ನುವವನ ಜೊತೆಗೆ, ಅದೇ ರುಚಿಯನ್ನು ಮನೆಯಲ್ಲಿ ಬಯಸುವ ಗೃಹಿಣಿಯೂ ಗಿರಾಕಿಯಾದಳು. ಮೊದಲು ಒಂದು ಅಗತ್ಯವನ್ನು ಚೆನ್ನಾಗಿ ಪೂರೈಸಿ, ಅದಕ್ಕೆ ಅಂಟಿಕೊಂಡ ಇನ್ನೊಂದು ಅಗತ್ಯದತ್ತ ಹೆಜ್ಜೆಯಿಟ್ಟರು.

ಆದುದರಿಂದ ಹೊಸ ವರ್ತಕರು ಮಾಡತಕ್ಕದ್ದು ಇಷ್ಟು. ಯಾರಿಗೆ, ಯಾವ ಹೊತ್ತಿನಲ್ಲಿ, ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅಂಥವರು ಎಷ್ಟು ಸಲ ಬರಬಲ್ಲರು, ಸಮೀಪದಲ್ಲಿ ಎಷ್ಟು ಮಂದಿ ಇರುವರು ಎಂಬುದನ್ನು ತಿರುಗಾಡಿ ಎಣಿಸಿರಿ. ಅಂಗಡಿ ತೆರೆದ ಮೇಲೆ ಒಂದು ತಿಂಗಳು ಬಂದವರನ್ನು ಗಮನಿಸಿ ಲೆಕ್ಕದ ಪುಸ್ತಕದಲ್ಲಿ ಗುರುತುಹಾಕಿರಿ. ಎಣಿಸಿದವರು ಬಾರದೆ ಬೇರೆಯವರೇ ಬರುತ್ತಿದ್ದರೆ, ತಿದ್ದಬೇಕಾದುದು ಬರೆದ ವಾಕ್ಯವನ್ನು; ಬಂದ ಗಿರಾಕಿಯನ್ನಲ್ಲ.